ಪಕ್ಕೀರಪ್ಪ ಸಹಿ ಮಾಡಿದ ಪುಟ

ಸುರೇಖಾ ಮೇಡಂ ಅಕ್ಷರ ಬಲು ದುಂಡಗೆ. ಅದು ಅಷ್ಟು ದುಂಡಗೆ ಇರದಿದ್ದರೆ, ಅಥವಾ ಉಳಿದ ಮಾಸ್ತರರ ಹಾಗೆ ಅವಳೂ ಇಂಗ್ಲಿಷಿನಲ್ಲಿ ಎರಡು ಸಾಲು ಗೀಚಿ ಕೈ ತೊಳೆದುಕೊಂಡಿದ್ದರೆ, ತಾವರಗೇರಾದ ಕನಕಾ ಇವತ್ತು ಗಿಣಿಗೇರಾ ಕಡೆಯ ಯಾವುದೋ ಕಾರ್ಖಾನೆಯಲ್ಲಿ ತಲೆಗೆ ಹೆಲ್ಮೆಟ್ಟು ಹಾಕಿಕೊಂಡು ನಿಂತಿರುತ್ತಿದ್ದಳು. ಈ ಮಾತನ್ನು ಸುರೇಖಾಗೆ ಬೇರೆ ಯಾರೂ ಹೇಳಿಲ್ಲ. ಅವಳೇ ದಿನಕ್ಕೆ ಹತ್ತು ಸಲ ತನಗೆ ತಾನೇ ಹೇಳಿಕೊಳ್ಳುತ್ತಾಳೆ.

ಕೊಪ್ಪಳದಿಂದ ಹಿಟ್ನಾಳದ ಕಡೆ ಹೋಗುವ ಹೆದ್ದಾರಿಯ ಪಕ್ಕದ ಖಾಸಗಿ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಅವಳು ಹನ್ನೊಂದು ವರ್ಷದಿಂದ ಮೆಕ್ಯಾನಿಕಲ್ ವಿಭಾಗಕ್ಕೆ ಪಾಠ ಮಾಡುತ್ತಾಳೆ. ಅಲ್ಲಿ ಒಬ್ಬೊಬ್ಬ ಅಧ್ಯಾಪಕರಿಗೆ ಇಪ್ಪತ್ತಿಪ್ಪತ್ತು ವಿದ್ಯಾರ್ಥಿಗಳನ್ನು ಹಂಚಿಕೊಡುವ ಪದ್ಧತಿ. ಆ ಇಪ್ಪತ್ತು ಮಂದಿಗೆ ಅವರು ಮೆಂಟರ್, ಅಂದರೆ ಕಷ್ಟ ಸುಖ ಕೇಳಿ ದಾರಿ ತೋರಿಸಬೇಕಾದವರು. ಒಬ್ಬೊಬ್ಬ ವಿದ್ಯಾರ್ಥಿಗೂ ಒಂದೊಂದು ಮೆಂಟರ್ ಬುಕ್ಕು. ಅದರಲ್ಲಿ ವಿದ್ಯಾರ್ಥಿಯ ಸಮಸ್ಯೆಗೊಂದು ಕಾಲಂ, ಕೊಟ್ಟ ಸಲಹೆಗೊಂದು, ವಿದ್ಯಾರ್ಥಿಯ ಸಹಿಗೊಂದು, ಪಾಲಕರ ಸಹಿಗೊಂದು. ಮೇಲೆ ರಟ್ಟಿಗೆ 'ಗೋಪ್ಯ' ಎಂಬ ಮುದ್ರೆ ಬೇರೆ. ಗೋಪ್ಯವಾದ ಪುಸ್ತಕದೊಳಗೆ ಪಾಲಕರ ಸಹಿಗೆ ಜಾಗ ಯಾಕಪ್ಪಾ ಎಂದು ಯಾವ ಪುಣ್ಯಾತ್ಮನೂ ಕೇಳಿರಲಿಲ್ಲ. ಕೇಳುವ ಪ್ರಸಂಗವೂ ಬಂದಿರಲಿಲ್ಲ. ಮಾಸ್ತರರು ವರ್ಷಕ್ಕೊಮ್ಮೆ ಚಹಾ ಕುಡಿಯುತ್ತ ಕುಳಿತು, 'ತಪ್ಪದೆ ಕ್ಲಾಸಿಗೆ ಬರಲು ಸೂಚಿಸಲಾಗಿದೆ' ಎಂದು ಇಪ್ಪತ್ತೂ ಪುಸ್ತಕಗಳಲ್ಲಿ ಇಂಗ್ಲಿಷಿನಲ್ಲಿ ಬರೆದು ಮುಚ್ಚಿಡುತ್ತಿದ್ದರು. ಪಾಲಕರು ಓದದೆ ಸಹಿ ಹಾಕಿ ಬಸ್ಸು ಹಿಡಿಯುತ್ತಿದ್ದರು. ಯಾರಿಗೂ ತ್ರಾಸಿರಲಿಲ್ಲ.

ಅದನ್ನು ಕಂಡರೆ ಸುರೇಖಾಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಗಂಗಾವತಿಯ ಅಕ್ಕಿ ವ್ಯಾಪಾರಸ್ಥರ ಮನೆಯ ಮಗಳು. ಹಟ ಮಾಡಿ ಮೆಕ್ಯಾನಿಕಲ್ ಸೇರಿದ್ದಳು. ಅರವತ್ತು ಹುಡುಗರ ನಡುವೆ ಅವಳೊಬ್ಬಳೇ ಹುಡುಗಿ. ವರ್ಕ್‌ಶಾಪಿನ ಆಸುಪಾಸು ಹೆಣ್ಣುಮಕ್ಕಳಿಗೆ ಶೌಚಾಲಯ ಇರಲಿಲ್ಲವೆಂದು ಬೆಳಿಗ್ಗೆಯಿಂದ ಸಂಜೆತನಕ ನೀರು ಮುಟ್ಟದೆ ಇದ್ದು, ಎರಡು ಸಲ ಜ್ವರ ಬಂದು ಆಸ್ಪತ್ರೆ ಸೇರಿದ್ದಳು. ಅವಳ ಪಾಲಿಗೆ ಬಂದಿದ್ದ ಮೆಂಟರು ನಾಲ್ಕು ವರ್ಷದಲ್ಲಿ ಅವಳನ್ನು ಮಾತಾಡಿಸಿದ್ದು ಒಂದೇ ಸಲ. ಮದುವೆ ಯಾವಾಗ ಎಂದು ಕೇಳಿದ್ದರು.

ಹಾಗಾಗಿ ಅವಳು ತನ್ನ ಇಪ್ಪತ್ತು ಪುಸ್ತಕಗಳನ್ನು ದೇವರ ಪುಸ್ತಕದ ಹಾಗೆ ನೋಡಿಕೊಂಡಳು. ಪ್ರತಿ ತಿಂಗಳೂ ಒಬ್ಬೊಬ್ಬರನ್ನೂ ಕೂರಿಸಿಕೊಂಡು ಮಾತಾಡಿ ಬರೆದಳು. ಅದೂ ಕನ್ನಡದಲ್ಲಿ. ಮಗಳೋ ಮಗನೋ ಕಾಲೇಜಿನಲ್ಲಿ ಏನು ಮಾಡುತ್ತಿದ್ದಾರೆಂದು ಹೊಲ ಮನೆ ಮಾಡುವ ತಾಯಿ ತಂದೆಗೆ ತಿಳಿಯಬೇಡವೇ ಎಂಬುದು ಅವಳ ವಾದ. ವಿಭಾಗದ ಮುಖ್ಯಸ್ಥ ಗುರುಬಸವ ಸರ್ ಮೂಗು ಮುರಿದಿದ್ದರು. ಅವಳು ಜಗ್ಗಲಿಲ್ಲ. ಸರಿಯಾದ ಕೆಲಸ ಮಾಡುತ್ತಿದ್ದೇನೆ ಎಂಬ ಹೆಮ್ಮೆ ಅವಳಲ್ಲಿ ತುಸು ಜಾಸ್ತಿಯೇ ಇತ್ತು.

ಇದಲ್ಲದೆ ಶನಿವಾರ ಮಧ್ಯಾಹ್ನ ವರ್ಕ್‌ಶಾಪಿನ ಸ್ಟೋರ್ ರೂಮಿನಲ್ಲಿ ಹುಡುಗಿಯರನ್ನು ಕೂಡಿಸುತ್ತಿದ್ದಳು. ಐದಾರು ಮಂದಿ, ಒಂದು ಡಬ್ಬಿ ಮಂಡಕ್ಕಿ, ಬಾಯಿ ತುಂಬ ಮಾತು. ಯಾವ ಲ್ಯಾಬಿನಲ್ಲಿ ಯಾರು ಮೆಷಿನ್ನು ಮುಟ್ಟಲು ಬಿಡುವುದಿಲ್ಲ, ಇಂಟರ್‌ವ್ಯೂದಲ್ಲಿ 'ಶಿಫ್ಟ್ ಕೆಲಸ ನಿನಗಾಗ್ತೈತೇನವಾ' ಎಂದರೆ ಏನು ಉತ್ತರ ಕೊಡಬೇಕು, ಎಲ್ಲ ಅಲ್ಲೇ ಚರ್ಚೆ. ಆ ಗುಂಪಿಗೆ ಕೊಪ್ಪಳದ ಜಾಸ್ಮೀನ ಮುಂದಾಳು. ನಾಲಿಗೆ ಚುರುಕು, ಮನಸ್ಸು ಮೆತ್ತಗೆ.

ಒಂದು ಶನಿವಾರ ಆ ಸ್ಟೋರ್ ರೂಮಿನ ಬಾಗಿಲಿಗೆ ಮೂರನೇ ಸೆಮಿಸ್ಟರಿನ ಕನಕರಾಜ ಬಂದು ನಿಂತ. ಆಗಿನ್ನೂ ಎಲ್ಲರಿಗೂ ಅವಳು ಕನಕರಾಜನೇ.

"ಏನಪಾ, ಇದು ಹುಡ್ಗ್ಯಾರ ಮೀಟಿಂಗ್ ಐತಿ," ಎಂದಳು ಜಾಸ್ಮೀನ.

"ಗೊತ್ತೈತಿ. ಅದಕ್ಕ ಬಂದೀನಿ."

ಜಾಸ್ಮೀನ ಬೆಂಚಿನ ಮೇಲೆ ಸರಿದು ಜಾಗ ಮಾಡಿ, ಮಂಡಕ್ಕಿ ಡಬ್ಬಿಯನ್ನು ಮುಂದೆ ತಳ್ಳಿದಳು. ಇಷ್ಟು ಸಲೀಸಾಗಿ ಆಗಿಹೋದದ್ದನ್ನು ನೋಡಿ ಸುರೇಖಾಗೆ ತನ್ನ ಹುಡುಗಿಯರ ಮೇಲೆ ಎಲ್ಲಿಲ್ಲದ ಅಭಿಮಾನ ಬಂತು.

ಪೂರ್ತಿ ಮಾತು ಹೊರಬಿದ್ದದ್ದು ಒಂದು ತಿಂಗಳ ಮೇಲೆ, ಲೇಥ್ ಮೆಷಿನ್ನಿನ ಮುಂದೆ. ಲೇಥ್ ಎಂದರೆ ಕಬ್ಬಿಣದ ಸರಳನ್ನು ಗರಗರ ತಿರುಗಿಸಿ ಬೇಕಾದ ಆಕಾರಕ್ಕೆ ಕೊರೆಯುವ ಯಂತ್ರ. ಉಳಿದವರು ಅಳತೆಪಟ್ಟಿ ಹಿಡಿದು ಒದ್ದಾಡುತ್ತಿದ್ದರೆ, ಕನಕಾ ಸಪ್ಪಳದಿಂದಲೇ ಉಳಿ ಮೊಂಡಾಗಿದೆಯೆಂದು ಹೇಳಿಬಿಡುತ್ತಿದ್ದಳು. ಅಂಥ ಕೈ ಹತ್ತು ವರ್ಷಕ್ಕೊಮ್ಮೆ ಬರುತ್ತದೆ. ಅವತ್ತು ಮೆಷಿನ್ನು ನಿಲ್ಲಿಸಿ, ಎಣ್ಣೆಯ ಕೈಯನ್ನು ಬಟ್ಟೆಗೆ ಒರೆಸಿಕೊಳ್ಳುತ್ತ ಅವಳು ಹೇಳಿದಳು.

"ನಾ ಹುಡುಗ ಅಲ್ರಿ ಮೇಡಂ. ಸಣ್ಣಾಕಿ ಇದ್ದಾಗಿಂದ ನನಗ ಗೊತ್ತೈತಿ. ನನ್ನ ಕನಕಾ ಅಂತ ಕರದ್ರ ಸಾಕ್ರಿ."

"ಕರೀತೀನಿ. ಮನ್ಯಾಗ ಗೊತ್ತೈತೇನು?"

"ಇಲ್ರಿ. ಗೊತ್ತಾದ್ರ ಹೊಡಿಯಂಗಿಲ್ಲ, ಬಡಿಯಂಗಿಲ್ಲ. ನಮ್ಮಪ್ಪ ಅಂಥಾಂವಲ್ಲ. ಆದ್ರ ನಮ್ಮ ಕಡೆ ನಮ್ಮಂಥಾರಿಗೆ ಒಂದ ದಾರಿ ಇಟ್ಟಾರ್ರೀ. ಮೈಮ್ಯಾಗ ಎಲ್ಲಮ್ಮ ಬಂದಾಳ ಅಂತ ಕೊರಳಿಗೆ ಮುತ್ತಿನ ಸರ ಕಟ್ಟಿ ಜೋಗಮ್ಮನ್ನ ಮಾಡಿಬಿಡ್ತಾರ. ಕೊಡ ಹೊತ್ತು ಊರೂರು ತಿರುಗೂದು. ಆ ತಾಯಿ ಮ್ಯಾಲ ನನಗ ಭಕ್ತಿ ಐತ್ರಿ. ಆದ್ರ ಆಕಿ ನನ್ನ ಮೈಮ್ಯಾಗ ಬಂದಿಲ್ಲ. ನಾ ಎಂಜಿನಿಯರ್ ಆಗಾಕ ಬಂದಾಕಿ."

ಸುರೇಖಾ ಅವಳ ಭುಜದ ಮೇಲೆ ಕೈಯಿಟ್ಟಳು.

"ಮನ್ಯಾಗ ನಾನ ಹೇಳ್ತೀನ್ರಿ," ಎಂದಳು ಕನಕಾ. "ಈಗಲ್ಲ. ನೌಕರಿ ಆರ್ಡರ್ ಕೈಯಾಗ ಬಂದ ದಿನ ಹೇಳ್ತೀನಿ. ಅಲ್ಲೀತನಕ ಯಾರ ಮುಂದೂ ಬಾಯಿ ಬಿಡಬ್ಯಾಡ್ರಿ."

"ಬಿಡಂಗಿಲ್ಲ," ಎಂದಳು ಸುರೇಖಾ. ಮನಸಾರೆ ಕೊಟ್ಟ ಮಾತು ಅದು.

ಮಾತಿನ ಜೊತೆಗೆ ಕೆಲಸವನ್ನೂ ಮಾಡಿದಳು, ಅದನ್ನು ಇಲ್ಲವೆನ್ನುವಂತಿಲ್ಲ. ಹುಡುಗರು ಕಾಡುತ್ತಾರೆಂದು ಕನಕಾಳ ಲ್ಯಾಬ್ ತಂಡವನ್ನು ಬದಲಿಸಿ ಜಾಸ್ಮೀನಳ ಜೊತೆ ಹಾಕಿಸಿದಳು. ಮೇಲಿನ ಮಹಡಿಯ ಸಿಬ್ಬಂದಿ ಶೌಚಾಲಯದ ಇನ್ನೊಂದು ಕೀಲಿಕೈ ಮಾಡಿಸಿ ಕೊಟ್ಟಳು. ತನ್ನ ಮೊದಲ ವರ್ಷಗಳ ಶಿಷ್ಯೆ ಶಿವಲೀಲಾ ಗಿಣಿಗೇರಾ ಕಡೆಯ ಕಾರ್ಖಾನೆಯಲ್ಲಿ ಯಂತ್ರಗಳ ರಿಪೇರಿ ವಿಭಾಗದ ಎಂಜಿನಿಯರ್ ಆಗಿದ್ದಳು. ಅವಳಿಗೆ ಫೋನು ಮಾಡಿ, ಆರನೇ ಸೆಮಿಸ್ಟರ್ ಮುಗಿದ ಕೂಡಲೇ ಕನಕಾಳನ್ನು ತರಬೇತಿಗೆ ತೆಗೆದುಕೊಳ್ಳಬೇಕೆಂದು ಒಪ್ಪಿಸಿದಳು. ತರಬೇತಿ ಚೆನ್ನಾಗಿ ಮಾಡಿದವರನ್ನು ಅಲ್ಲೇ ನೌಕರಿಗೆ ಇಟ್ಟುಕೊಳ್ಳುವ ರೂಢಿಯಿತ್ತು. ಸುದ್ದಿ ಕೇಳಿ ಕನಕಾ ಕುಣಿಯುವುದೊಂದು ಬಾಕಿ.

ಇನ್ನು ಮೂರು ತಿಂಗಳು ಕಳೆದಿದ್ದರೆ ಸಾಕಿತ್ತು. ಅಷ್ಟರಲ್ಲಿ ಕಮಿಟಿ ಬಂತು.

ಕಾಲೇಜಿಗೆ ದರ್ಜೆ ಕೊಡುವ ಕಮಿಟಿ ಬರುತ್ತದೆ ಎಂದರೆ ಮನೆಗೆ ಬೀಗರು ಬಂದ ಹಾಗೆ. ಗೋಡೆಗೆ ಸುಣ್ಣ, ಕುಂಡದಲ್ಲಿ ಹೂ, ಲೈಬ್ರರಿಯ ಪುಸ್ತಕಗಳಿಗೆ ಧೂಳಿನಿಂದ ಬಿಡುಗಡೆ. ಗುರುಬಸವ ಸರ್ ಸುರೇಖಾಳನ್ನು ಕರೆದರು. ಮಹಿಳಾ ಕೋಶದ ಫೈಲು ಅವರ ಕೈಯಲ್ಲಿತ್ತು.

"ಮೇಡಂ, ಇದು ಭಾಳ ತೆಳ್ಳಗೈತ್ರಿ. ಮೂರು ರಂಗೋಲಿ ಸ್ಪರ್ಧಾ, ಒಂದು ಮೆಹಂದಿ ಸ್ಪರ್ಧಾ. ಕಮಿಟಿಯವ್ರು ನಗ್ತಾರ. ಹೆಣ್ಣುಮಕ್ಕಳಿಗೆ, ಲಿಂಗತ್ವ ಅಲ್ಪಸಂಖ್ಯಾತರಿಗೆ ಏನು ಮಾಡೀರಿ ಅಂತ ಒಂದು ಪ್ರಶ್ನಾನ ಐತಿ. ಏನರ ಗಟ್ಟಿದು ಬೇಕು."

"ಗಟ್ಟಿದು ಐತ್ರಿ ಸರ್," ಎಂದಳು ಸುರೇಖಾ. ಬಾಯಿಂದ ತಾನಾಗಿ ಬಂದುಬಿಟ್ಟಿತು.

"ಐತೇನು? ಹಂಗಾರ ಬರದು ಇಡ್ರಿ. ಬೇಕಾರ ಹೆಸರು ಹಾಕಬ್ಯಾಡ್ರಿ, ಬ್ಯಾರೆ ಹಾಳಿ ಮ್ಯಾಲ ಬರೀರಿ."

ನೋಡಿ, ಆ ಮನುಷ್ಯ ಅಷ್ಟು ಹೇಳಿದ್ದರು. ಯಾವ ಕೆಲಸವನ್ನೂ ನೆಟ್ಟಗೆ ಮಾಡದ ಗುರುಬಸವ ಸರ್ ಅವತ್ತು ನೆಟ್ಟಗಿನ ಮಾತು ಹೇಳಿದ್ದರು. ಹೆಸರಿಲ್ಲದ ಹಾಳೆ ಯಾರು ಬೇಕಾದರೂ ಸೃಷ್ಟಿಸಬಹುದು, ತನ್ನದು ಖರೇ ಕೆಲಸ, ಮೆಂಟರ್ ಬುಕ್ಕಿನಲ್ಲೇ ಇರಬೇಕು ಎಂದುಕೊಂಡಳು ಸುರೇಖಾ. ಹನ್ನೊಂದು ವರ್ಷ ಪಾಲಕರನ್ನು ಬಿಟ್ಟು ಬೇರೆ ಯಾರೂ ಅವಳ ಪುಸ್ತಕಗಳನ್ನು ತೆರೆದು ನೋಡಿರಲಿಲ್ಲ. ಈಗ ನೋಡುವವರು ಬರುತ್ತಿದ್ದರು. ಆ ಆಸೆಯನ್ನು ಅವಳು ಆಗ ಆಸೆಯೆಂದು ಗುರುತಿಸಲಿಲ್ಲ.

ಊಟದ ಹೊತ್ತಿನಲ್ಲಿ ಬಾಗಿಲು ಹಾಕಿಕೊಂಡು ಕನಕಾಳ ಪುಸ್ತಕ ತೆರೆದಳು. ಒಂದು ಗಳಿಗೆ ಪೆನ್ನು ನಿಂತಿತು. ಕೊಟ್ಟ ಮಾತು ನೆನಪಿಗೆ ಬಂತು. ಇದೊಂದನ್ನು ಇಂಗ್ಲಿಷಿನಲ್ಲಿ ಬರೆಯಲೇ ಎಂದೂ ಅನ್ನಿಸಿತು. ಇಪ್ಪತ್ತು ಪುಸ್ತಕಗಳಲ್ಲಿ ಒಂದು ಬೇರೆ ಥರ ಕಂಡರೆ ಚೆಂದವಿಲ್ಲವೆಂದು ಬಿಟ್ಟಳು. ಕಮಿಟಿ ನೋಡುತ್ತದೆ, ಕಪಾಟು ಸೇರುತ್ತದೆ, ಮುಗಿಯಿತು ಎಂದು ಸಮಾಧಾನ ಮಾಡಿಕೊಂಡು ಇಡೀ ಪುಟ ಬರೆದಳು. ವಿದ್ಯಾರ್ಥಿಯ ಸಹಿಯ ಕಾಲಂ ಖಾಲಿ ಉಳಿಯಿತು. ಅದಕ್ಕೆ ಕನಕಾಳನ್ನು ಕರೆಯಬೇಕಿತ್ತು, ಕರೆದರೆ ತೋರಿಸಬೇಕಿತ್ತು. ಆಮೇಲೆ ಮಾಡಿಸಿದರಾಯಿತು ಎಂದುಕೊಂಡಳು. ಅವಳನ್ನು ಒಂದು ಮಾತು ಕೇಳಲಿಲ್ಲ. ಇವತ್ತಿಗೂ ಸುರೇಖಾಳ ಗಂಟಲಲ್ಲಿ ಮುಳ್ಳಾಗಿ ಕೂತಿರುವುದು ಇದೇ.

ಕಮಿಟಿ ಬರುವ ಎರಡು ದಿನ ಮೊದಲು ಪಾಲಕರ ಸಭೆ. ಪಾಲಕರ ಸಹಿಯ ಕಾಲಂ ತುಂಬಬೇಕಲ್ಲ, ಅದಕ್ಕೆ. ಸುರೇಖಾ ಕನಕಾಳ ಪುಸ್ತಕವನ್ನು ಗಂಟಿನ ಎಲ್ಲಕ್ಕೂ ಕೆಳಗೆ ಇಟ್ಟಳು. ತೆಗೆದು ಬ್ಯಾಗಿಗೆ ಹಾಕಿಕೊಂಡಿದ್ದರೂ ನಡೆಯುತ್ತಿತ್ತು. ಕನಕಾಳ ಅಪ್ಪ ಪಕ್ಕೀರಪ್ಪ ಕುರಿ ಮೇಯಿಸುವವನು. ಎರಡೂವರೆ ವರ್ಷದಲ್ಲಿ ಒಂದು ಸಭೆಗೂ ಬಂದವನಲ್ಲ. ಓದಲು ಬರೆಯಲು ಬಾರದು, ಸಹಿ ಮಾತ್ರ ಕಲಿತಿದ್ದ. ಬರುವುದಿಲ್ಲ ಬಿಡು ಎಂದುಕೊಂಡಳು.

ಅಷ್ಟರಲ್ಲಿ ಪ್ರಾಂಶುಪಾಲರಿಂದ ಕರೆ ಬಂತು. ಕಮಿಟಿಗೆ ಆರತಿ ಎತ್ತುವ ಹುಡುಗಿಯರು ಸಾಲಾಗಿ ನಿಲ್ಲುತ್ತಿಲ್ಲ, ಮೇಡಂ ಬಂದು ಅಭ್ಯಾಸ ಮಾಡಿಸಬೇಕಂತೆ. ಯಂತ್ರಶಾಸ್ತ್ರ ಕಲಿಸುವ ಹೆಂಗಸಿಗೆ ಆ ಕಾಲೇಜು ಕೊಡುವ ತುರ್ತು ಕೆಲಸ ಅಂಥದ್ದು. ಗೊಣಗುತ್ತ ಎದ್ದು, ಆಫೀಸಿನ ಗುಮಾಸ್ತರನ್ನು ಮೇಜಿಗೆ ಕೂರಿಸಿ ಹೋದಳು. ಅರ್ಧ ತಾಸು ಬಿಟ್ಟು ತಿರುಗಿ ಬಂದಾಗ ಹಾಲ್‌ನ ಬಾಗಿಲಲ್ಲೇ ಕಾಲು ನಿಂತುಬಿಟ್ಟವು.

ಮೇಜಿನ ಮುಂದೆ ಪಕ್ಕೀರಪ್ಪ ನಿಂತಿದ್ದ. ಬಿಳಿ ಅಂಗಿ, ಹೆಗಲ ಮೇಲೆ ಟವೆಲ್ಲು. ಪಕ್ಕದಲ್ಲಿ ದೊಡ್ಡ ಮಗಳು ಅನ್ನಪೂರ್ಣ. ಅಂಗನವಾಡಿಯಲ್ಲಿ ಮಕ್ಕಳಿಗೆ ಪಾಠ ಹೇಳುವವಳು. ಅಪ್ಪನಿಗೆ ಓದಿ ಹೇಳಲೆಂದೇ ಬಂದಿದ್ದಳು. ಕೈಯಲ್ಲಿ ಪುಸ್ತಕ ತೆರೆದುಕೊಂಡಿತ್ತು. ಮಕ್ಕಳಿಗೆ ಓದುವ ಅದೇ ಎತ್ತರದ ದನಿಯಲ್ಲಿ ಓದುತ್ತಿದ್ದಳು.

"'ಲೇಥ್ ಕೆಲಸದಲ್ಲಿ ಇಡೀ ತರಗತಿಗೇ ಮೊದಲ ಸ್ಥಾನ.' ಕೇಳಿದೇನಪಾ? ಇಡೀ ಕ್ಲಾಸಿಗೆ ಮೊದಲಂತ! ಮೇಡಮ್ಮರು ಎಷ್ಟು ಛಂದ ಬರದಾರ ನೋಡು, ನನಗೂ ತಿಳಿಯೂ ಹಂಗ."

ಪಕ್ಕೀರಪ್ಪ ಸಾಲಿನಲ್ಲಿದ್ದ ಉಳಿದ ಪಾಲಕರ ಕಡೆ ತಿರುಗಿ ನಕ್ಕ. ಅಂಥ ನಗೆಯನ್ನು ಸುರೇಖಾ ಎಷ್ಟೋ ತಂದೆಯರ ಮುಖದಲ್ಲಿ ನೋಡಿದ್ದಳು. ಅದಕ್ಕೆಂದೇ ಅವಳು ಕನ್ನಡದಲ್ಲಿ ಬರೆಯುತ್ತಿದ್ದದ್ದು.

"'ದಾಖಲೆಯಲ್ಲಿ ಗಂಡು ಎಂದಿದ್ದರೂ ತಾನು ಹೆಣ್ಣೆಂಬ ಅರಿವು ವಿದ್ಯಾರ್ಥಿಗೆ ಬಾಲ್ಯದಿಂದಲೂ ಇದೆ. ಕನಕಾ ಎಂದು ಕರೆಯಬೇಕೆಂದು ಕೋರಿದ್ದಾಳೆ. ಮನೆಯವರಿಗೆ ಇನ್ನೂ ತಿಳಿದಿಲ್ಲ...'"

ಓದುತ್ತ ಓದುತ್ತ ಅನ್ನಪೂರ್ಣಳ ದನಿ ಕುಸಿಯಿತು. ಸಾಲಿನಲ್ಲಿದ್ದವರು ಮಾತು ನಿಲ್ಲಿಸಿದ್ದರು. ಯಾರೋ ಕಿಸಕ್ಕನೆ ನಕ್ಕರು. ಸುರೇಖಾ ಕುರ್ಚಿಗಳನ್ನು ಸರಿಸಿಕೊಂಡು ಮುಂದೆ ಓಡಿದಳು. ಆದರೆ ಓಡಿ ಹಿಡಿಯುವಂಥದ್ದು ಏನೂ ಉಳಿದಿರಲಿಲ್ಲ.

"ಯಾಕ ನಿಂದ್ರಿಸಿದಿ? ಓದವಾ," ಎಂದ ಪಕ್ಕೀರಪ್ಪ.

ಅನ್ನಪೂರ್ಣ ಅಪ್ಪನ ಕಿವಿಯ ಹತ್ತಿರ ಬಗ್ಗಿ ಉಳಿದದ್ದನ್ನು ಮೆಲ್ಲಗೆ ಓದಿದಳು. ಅವನು ನೆಲ ನೋಡುತ್ತ ಕೇಳಿದ. ಆಮೇಲೆ ಗುಮಾಸ್ತರ ಕಡೆ ನೋಡಿ, "ಸಹಿ ಎಲ್ಲಿ ಮಾಡಬೇಕ್ರಿ?" ಎಂದ. ತೋರಿಸಿದ ಜಾಗದಲ್ಲಿ ಒಂದೊಂದೇ ಅಕ್ಷರ ಕೂಡಿಸಿ ತನ್ನ ಹೆಸರು ಬರೆದ. ಪೆನ್ನು ತಿರುಗಿ ಕೊಟ್ಟು ಬಾಗಿಲ ಕಡೆ ನಡೆದ. ಕಂಬದ ಹತ್ತಿರ ಕನಕಾ ನಿಂತಿದ್ದಳು. ಒಮ್ಮೆ ಸುರೇಖಾಳ ಮುಖ ನೋಡಿದಳು. ಆಮೇಲೆ ಅಪ್ಪನ ಹಿಂದೆ ಹೊರಟುಹೋದಳು.

ಕಮಿಟಿ ಬಂತು. ಆರತಿ ಸಾಲಾಗಿಯೇ ಎತ್ತಲಾಯಿತು. ಸದಸ್ಯರಲ್ಲಿ ಕನ್ನಡ ಬಲ್ಲ ಹಿರಿಯ ಹೆಂಗಸೊಬ್ಬರು ಸುರೇಖಾಳ ಪುಸ್ತಕಗಳನ್ನು ಒಂದೊಂದಾಗಿ ತಿರುವಿ, ಕನಕಾಳ ಪುಟದ ಮುಂದೆ ಬಹಳ ಹೊತ್ತು ಕುಳಿತರು. "ಇಂಥ ಕೆಲಸ ನಾವು ಬೇರೆಲ್ಲೂ ನೋಡಲಿಲ್ಲ. ತಂದೆಯ ಸಹಿ ಕೂಡ ಇದೆ. ಮನೆಯವರನ್ನೂ ಒಪ್ಪಿಸಿದ್ದೀರಿ," ಎಂದು ಅವಳ ಕೈ ಹಿಡಿದರು. ಆ ವಿದ್ಯಾರ್ಥಿಯನ್ನು ನೋಡಬಹುದೇ ಎಂದರು. ರಜೆಯ ಮೇಲಿದ್ದಾರೆ ಎಂದರು ಗುರುಬಸವ ಸರ್. ಕಾಲೇಜಿಗೆ ಒಳ್ಳೆಯ ದರ್ಜೆ ಬಂತು. ಸುರೇಖಾಗೆ ಶಾಲು ಹೊದಿಸಿದರು. ಚಪ್ಪಾಳೆ ನಿಲ್ಲುವ ಮುಂಚೆಯೇ ಅವಳು ಮೇಲಿನ ಮಹಡಿಗೆ ಓಡಿ, ಶೌಚಾಲಯದ ಬಾಗಿಲು ಹಾಕಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು.

ಕನಕಾಳ ಫೋನು ಬಂದ್ ಆಗಿತ್ತು. ಒಂದು ವಾರ ಆಯಿತು, ಎರಡು ವಾರ ಆಯಿತು. ಶನಿವಾರದ ಕೂಟಕ್ಕೆ ಈಗ ಇಬ್ಬರೋ ಮೂವರೋ ಬಂದು, ಮಂಡಕ್ಕಿ ತಿಂದು, ಎಲ್ಲ ಆರಾಮ ಐತ್ರಿ ಎಂದು ಹೇಳಿ ಹೋಗುತ್ತಿದ್ದರು. ಕಡೆಗೆ ಜಾಸ್ಮೀನಳೇ ಕಾರಿಡಾರಿನಲ್ಲಿ ನಿಲ್ಲಿಸಿ ಹೇಳಿದಳು.

"ಮೇಡಂ, ಕನಕಾಗ ಮುತ್ತು ಕಟ್ಟ್ಯಾರಂತ."

ಅಷ್ಟು ಹೇಳಿ ಅವಳು ನಿಲ್ಲಲಿಲ್ಲ. ಹಿಂದೆಯಾಗಿದ್ದರೆ ಅರ್ಧ ತಾಸು ನಿಂತು ಮಾತಾಡುತ್ತಿದ್ದಳು.

ಮರುದಿನವೇ ಸುರೇಖಾ ರಜೆ ಹಾಕಿ, ಕುಷ್ಟಗಿಯಲ್ಲಿ ಬಸ್ಸು ಬದಲಿಸಿ ತಾವರಗೇರಾಕ್ಕೆ ಹೋದಳು. ದಾರಿಯುದ್ದಕ್ಕೂ ಬೈಗುಳ ತಿನ್ನಲು ಮನಸ್ಸು ಗಟ್ಟಿ ಮಾಡಿಕೊಂಡಿದ್ದಳು. ಬೈದರೆ ಹಗುರಾಗುತ್ತದೆ ಎಂಬ ಆಸೆಯೂ ಇತ್ತು. ಆದರೆ ಕನಕಾಳ ತಾಯಿ ಸಣ್ಣವ್ವ ಅಂಗಳಕ್ಕೇ ಓಡಿಬಂದು, "ಕಾಲೇಜಿನ ಅಕ್ಕೋರು ಬಂದಾರ್ರೀ, ಅಕ್ಕೋರು," ಎಂದು ಕಾಲಿಗೆ ನೀರು ಕೊಟ್ಟಳು, ಕಂಬಳಿ ಹಾಸಿದಳು, ಮಜ್ಜಿಗೆ ತಂದಿಟ್ಟಳು. ಪಕ್ಕೀರಪ್ಪ ಕೈಮುಗಿದು ಎದುರಿಗೆ ಕುಳಿತ.

"ನಿಮ್ಮ ಉಪಕಾರ ಭಾಳ ಆತ್ರಿ ಅಕ್ಕೋರ," ಎಂದ. "ನಮ್ಮ ಮನ್ಯಾಗ ತಾಯಿ ಎಲ್ಲಮ್ಮ ಇಪ್ಪತ್ತು ವರ್ಷದಿಂದ ಕುಂತಾಳ, ನಮಗ ಗೊತ್ತಾಗಲಿಲ್ಲ. ಅಕಿನ್ನ ಪ್ಯಾಂಟ್ ಹಾಕಿಸಿ ಕಾಲೇಜಿಗೆ ಕಳಸಿದ್ವಿ. ನೀವು ಬರದು ತಿಳಿಸಿದ್ರಿ. ಹಿರಿ ಜೋಗಮ್ಮನ್ನ ಕರಿಸಿ, ಪದ್ಧತಿ ಪ್ರಕಾರ ಮುತ್ತು ಕಟ್ಟಿಸಿದ್ವಿ. ಈಗ ಊರಾಗ ಒಬ್ರೂ ಒಂದು ಮಾತು ಆಡಂಗಿಲ್ಲ. ಬಂದು ಕಾಲು ಬೀಳ್ತಾರ."

ಸುರೇಖಾ ಮಜ್ಜಿಗೆಯ ಲೋಟ ಕೆಳಗಿಟ್ಟಳು. "ಕಾಲೇಜಿಗೆ ಕಳಸ್ರಿ ಯಜಮಾನ್ರ. ಇನ್ನೊಂದು ವರ್ಷ ಐತಿ. ಗಿಣಿಗೇರಾದಾಗ ಆಕಿಗೆ ಜಾಗಾ ಇಟ್ಟಾರ."

ಪಕ್ಕೀರಪ್ಪನಿಗೆ ನಿಜಕ್ಕೂ ಆಶ್ಚರ್ಯವಾಯಿತು. "ಕಾಲೇಜು ಮಗಗ ಹಚ್ಚಿದ್ದೆ ಅಕ್ಕೋರ. ಮಗ ಅಲ್ಲ ಅಂತ ನೀವ ಬರದೀರಲ್ಲ? ದೇವರಿಗೆ ಬಿಟ್ಟ ಕೂಸಿನ್ನ ಕಬ್ಬಿಣ ಬಡಿಯಾಕ ಹೆಂಗ ಕಳಸೂದ್ರಿ?"

ಮುತ್ತು ಕಟ್ಟುವುದಕ್ಕೆ ಕಾನೂನಿನ ತಡೆಯಿದೆಯೆಂದು ಸುರೇಖಾಗೆ ಗೊತ್ತಿತ್ತು. ದೂರು ಕೊಡಬಹುದಿತ್ತು. ಕೈಮುಗಿದು ಮಜ್ಜಿಗೆ ಕೊಟ್ಟ ಈ ಮನುಷ್ಯನ ಮೇಲೆ ದೂರು ಬರೆಯುವ ಕೈ ಯಾವುದು? ಬರೆದದ್ದು ಈಗಾಗಲೇ ಹೆಚ್ಚಾಗಿತ್ತು. "ಆಕಿ ಕೂಡ ಒಂದೀಟು ಮಾತಾಡ್ತೀನಿ," ಎಂದಷ್ಟೇ ಹೇಳಿ ಎದ್ದಳು.

ಕನಕಾ ಹಿತ್ತಲಿನ ಬೇವಿನ ಗಿಡದ ಕೆಳಗೆ ಚಾಪೆಯ ಮೇಲೆ ಕುಳಿತಿದ್ದಳು. ಹಸಿರು ಸೀರೆ, ಹಣೆ ತುಂಬ ಅರಿಸಿನದ ಭಂಡಾರ, ಕೊರಳಲ್ಲಿ ಕೆಂಪು ಬಿಳಿ ಮಣಿಗಳ ಸರ. ಸೀರೆ ಅವಳಿಗೆ ಒಪ್ಪಿತ್ತು. ಅದನ್ನು ನೋಡಿ ಸುರೇಖಾಗೆ ಸಂತೋಷಪಡುವ ಧೈರ್ಯವಾಗಲಿಲ್ಲ.

"ಕನಕಾ, ನಂದು ತಪ್ಪಾತು. ಕ್ಷಮಾ ಕೇಳಾಕ ಬಂದೀನಿ."

"ಕುಂದ್ರ್ರಿ ಮೇಡಂ." ಚಾಪೆಯ ಮೇಲೆ ಸರಿದು ಜಾಗ ಮಾಡಿದಳು. "ನೀವು ಅಪ್ಪಗ ತಿಳಿಸಬೇಕಂತ ಬರೀಲಿಲ್ಲ, ನನಗ ಗೊತ್ತೈತಿ. ಕಮಿಟಿಗೆ ತೋರಸಾಕ ಬರದ್ರಿ."

"ಹೌದು."

"ನಾನ ಹೇಳಿದ್ರ ಆರ್ಡರ್ ಕೈಯಾಗ ಹಿಡಕೊಂಡು ಹೇಳ್ತಿದ್ದೆ. ಅಪ್ಪಾ, ನಾ ನಿನ್ನ ಮಗ ಅಲ್ಲ, ಮಗಳು, ತಗೋ ನನ್ನ ನೌಕರಿ ಕಾಗದ ಅಂತಿದ್ದೆ. ನೀವು ಹೇಳಿದಾಗ ನನ್ನ ಕೈಯಾಗ ಏನಿತ್ರಿ? ಬಸ್ಸಿನ್ಯಾಗ ಅಪ್ಪ ಕೇಳಿದ, ಮುಂದ ಏನು ಮಾಡ್ತೀಯವಾ ಅಂತ. ಮಗಳಿಗೆ ಅಂದಂಗ 'ಯವಾ' ಅಂದ, ಅಷ್ಟು ಒಳ್ಳೇಂವ. ನನಗ ಹೇಳಾಕ ಏನೂ ಇರಲಿಲ್ಲ."

ದನಿ ಎತ್ತರಿಸದೆ, ಲೆಕ್ಕ ಬಿಡಿಸುವವರ ಹಾಗೆ ಹೇಳುತ್ತಿದ್ದಳು. ಅತ್ತಿದ್ದರೆ, ಬೈದಿದ್ದರೆ ಸುರೇಖಾ ತಡೆದುಕೊಳ್ಳುತ್ತಿದ್ದಳು.

"ಈಗರ ಬಾ. ಶಿವಲೀಲಾನ ಕೂಡ ಮಾತಾಡೀನಿ. ಇರಾಕ ನಮ್ಮ ಮನಿ ಐತಿ."

"ಈ ಸರ ತಗದು ಬಂದ್ರ ಅಪ್ಪ ಊರಾಗ ತಲಿ ಎತ್ತಂಗಿಲ್ಲ. ಹಾಕ್ಕೊಂಡು ಬಂದ್ರ ಮೆಷಿನ್ ಮುಂದ ನಿಂದ್ರಾಕ ಯಾರು ಬಿಡ್ತಾರ್ರೀ? ಹಾಲಿನ್ಯಾಗ ಎಲ್ಲಾರೂ ಕೇಳ್ಯಾರ. ನಾ ಬಂದ್ರ ಅವ್ರಿಗೆ ಲೇಥ್ ಕಾಣಂಗಿಲ್ಲ, ನಾನ ಕಾಣ್ತೀನಿ."

ಅಷ್ಟರಲ್ಲಿ ಮುದುಕಿಯೊಬ್ಬಳು ಗೇಟು ಸರಿಸಿ ಬಂದು ಕನಕಾಳ ಕಾಲು ಮುಟ್ಟಿದಳು. ಮಗಳಿಗೆ ದಿನ ತುಂಬಿದೆ, ಹೆರಿಗೆ ಹಗುರಾಗುತ್ತದೆಯೇ ಎಂದು ಕೇಳಿದಳು. ಕನಕಾ ಕಣ್ಣು ಮುಚ್ಚಿದಳು. ಮೈ ತುಸು ನಡುಗಿತು. ಸುರೇಖಾ ಎಂದೂ ಕೇಳದ ದಪ್ಪ ದನಿಯೊಂದು ಹೊರಬಂತು. "ಅಂಜಬ್ಯಾಡ. ನಾ ಅದೀನಿ. ಆದ್ರ ಮನ್ಯಾಗ ಹೆರಸಬ್ಯಾಡ, ದವಾಖಾನಿಗೆ ಕರಕೊಂಡು ಹೋಗು." ಮುದುಕಿ ಹಣೆಗೆ ಭಂಡಾರ ಹಚ್ಚಿಸಿಕೊಂಡು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಹೋದಳು.

ಸುರೇಖಾಳ ಮೈ ಝುಮ್ಮೆಂದಿತು. ಒಂದು ಆಸೆಯೂ ಹುಟ್ಟಿತು. ಇದೇ ಇವಳ ದಾರಿಯಾಗಿದ್ದರೆ, ತಾನು ಕೆಡಿಸಿದ್ದು ಅಷ್ಟೇನೂ ಇಲ್ಲವಾಗಿದ್ದರೆ.

"ಕನಕಾ, ಖರೇನ ಮೈಮ್ಯಾಗ ಬರ್ತಾಳೇನವಾ?"

ಕನಕಾ ಮನೆಯ ಕಡೆ ಒಮ್ಮೆ, ಗೇಟಿನ ಕಡೆ ಒಮ್ಮೆ ನೋಡಿದಳು. ಯಾರೂ ಇರಲಿಲ್ಲ. ಅವಳ ಹಳೆಯ ದನಿ ತಿರುಗಿ ಬಂತು.

"ಬರಂಗಿಲ್ರಿ. ಬಂದಂಗ ಮಾಡ್ತೀನಿ. ಮೊದಲು ಗಂಡಸಿನಂಗ ಮಾಡ್ತಿದ್ದೆ, ಈಗ ದೇವರಂಗ ಮಾಡ್ತೀನಿ. ನಿಮ್ಮ ವರ್ಕ್‌ಶಾಪಿನ್ಯಾಗ ಎರಡೂವರೆ ವರ್ಷ ಇದ್ದೆ ನೋಡ್ರಿ, ಅಲ್ಲೊಂದ ಕಡೆ ಏನೂ ಮಾಡ್ತಿರಲಿಲ್ಲ. ಸುಮ್ನ ನಾ ಇದ್ದಂಗ ಇದ್ದೆ."

ಸುರೇಖಾಳ ಕಣ್ಣೀರು ಧಾರೆಯಾಗಿ ಇಳಿಯಿತು. ಒಳಗಿನಿಂದ ಸಣ್ಣವ್ವ ಊಟಕ್ಕೆ ಕರೆಯುತ್ತಿದ್ದಳು. ಕನಕಾ ಎದ್ದು ಸೀರೆಯ ನೆರಿಗೆ ಸರಿಮಾಡಿಕೊಂಡಳು, ಹಣೆಯ ಭಂಡಾರ ಮುಟ್ಟಿ ನೋಡಿಕೊಂಡಳು. ಎರಡು ಹೆಜ್ಜೆ ಹೋದವಳು ತಿರುಗಿ ಬಂದು ಸುರೇಖಾಳ ಕಿವಿಯ ಹತ್ತಿರ ಬಗ್ಗಿದಳು.

"ಈಗ ಹೇಳಿದ್ದು ನಿಮಗೊಬ್ಬರಿಗೇ ಹೇಳೀನ್ರಿ ಮೇಡಂ. ಇದನ್ನರ ಎಲ್ಲೂ ಬರೀಬ್ಯಾಡ್ರಿ."

ಇಲ್ಲವೆಂದು ಸುರೇಖಾ ತಲೆಯಾಡಿಸಿದಳು. ಕನಕಾ ನಂಬಿದ ಹಾಗೆ ಕಾಣಲಿಲ್ಲ.